ಉಬ್ಬುಗೆರೆಯ ಆನೆಕಾಸು

ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ. ರಾಜರಿಗೆ ಒಂದೊಂದು ಹುಚ್ಚು ಇರುತ್ತಲ್ಲ, ಒಬ್ಬನಿಗೆ ಬೇಟೆ, ಇನ್ನೊಬ್ಬನಿಗೆ ಕುದುರೆ. ಇವನಿಗೆ ಹಳೇ ನಾಣ್ಯದ ಹುಚ್ಚು. ಹಿಂದಿನ ಏಳು ತಲೆಮಾರಿನ ರಾಜರ ನಾಣ್ಯ ಒಂದೊಂದು ಇಡಬೇಕು ಅಂತ ಏಳು ಗೂಡಿನ ಗಂಧದ ಪೆಟ್ಟಿಗೆ ಮಾಡಿಸಿದ್ದ. ಆರು ಗೂಡು ತುಂಬಿದ್ವು, ಒಂದು ಖಾಲಿ. ಅಲ್ಲಿ ಕೂರಬೇಕಾದ್ದು ಅವನ ಮುತ್ತಜ್ಜ ಪಟ್ಟಕ್ಕೆ ಬಂದ ದಿನ ಹೊಡೆಸಿದ ಆನೆಕಾಸು. ತಾಮ್ರದ್ದು, ಮೇಲೊಂದು ಆನೆ. ಸಂತೇಲಿ ಒಂದು ಹಿಡಿ ಸೊಪ್ಪೂ ಬರದ ಕಾಸು! ಅದಿಲ್ಲದೆ ರಾಜನಿಗೆ ಅನ್ನ ಸೇರದು, ನಿದ್ದೆ ಹತ್ತದು.

ಕೊನೆಗೆ ಡಂಗುರ ಹೊಡೆಸಿದನಂತೆ: "ಎಲ್ಲಕ್ಕಿಂತ ಒಳ್ಳೇ ಆನೆಕಾಸು ಯಾರು ತರ್ತಾರೋ ಅವರು ಕೇಳಿದ್ದು ಕೊಡ್ತೀನಿ."

ರಾಣಿಗೊಬ್ಬ ತಮ್ಮ, ಚೆಲುವರಾಜ ಅಂತ. ಅವನಿಗೆ ಎಲ್ಲೋ ಒಂದು ಆನೆಕಾಸು ಸಿಕ್ಕಿತ್ತು. "ಗೆದ್ದೋನು ನಾನೇ. ಕೆರೆ ಪಕ್ಕದ ಜೇಡಿಮಣ್ಣಿನ ಹೊಲ ಕೇಳ್ತೀನಿ, ಬಾಳೆ ಹಾಕಿಸ್ತೀನಿ" ಅಂತ ಊರೆಲ್ಲ ಹೇಳಿಕೊಂಡು ತಿರುಗಿದ.

ಆ ಮಾತು ಕುಂಬಾರರ ಮರಿದೇವಮ್ಮನ ಕಿವಿಗೆ ಬಿತ್ತು. ಗಂಡ ಇಲ್ಲ, ಮೂರು ಮಕ್ಕಳು, ಒಬ್ಬಳು ಅತ್ತೆ. ಆ ಹೊಲದ ಮಣ್ಣು ತಂದು ಗಡಿಗೆ ಮಾಡಿದರೆ ಮನೆಯಲ್ಲಿ ಒಲೆ ಉರೀಬೇಕು. "ಅಯ್ಯೋ, ಆ ಮಣ್ಣು ಹೋದ್ರೆ ನನ್ನ ತಿಗರಿ ನಿಂತಂಗೇ" ಅಂತ ಎದೆ ಹಿಡಕೊಂಡಳು. ಇರೋ ಅಷ್ಟು ದಿನ ಅಗೆದುಕೊಳ್ಳೋಣ ಅಂತ ಗುದ್ದಲಿ ತಗೊಂಡು ಹೋದಳು. ಒಂದು ದಿನ ಅಗೆದಳು, ಎರಡು ದಿನ ಅಗೆದಳು. ಮೂರನೇ ದಿನ ಮಣ್ಣುಂಡೆ ಒಡೆದರೆ ಒಳಗೊಂದು ಕಾಸು! ಸೆರಗಲ್ಲಿ ಒರೆಸಿ ನೋಡ್ತಾಳೆ, ಆನೆ! ಮಣ್ಣುಗೈಯಲ್ಲೇ ಅರಮನೆಗೆ ಓಡಿದಳಂತೆ.

ಚೆಲುವರಾಜನೂ ತನ್ನದನ್ನ ತಂದಿದ್ದ. ರಾಜ ಎರಡು ಕಾಸನ್ನೂ ತಟ್ಟೆಯಲ್ಲಿಟ್ಟ. ಚೆಲುವರಾಜನದು ಫಳಫಳ, ಒಂದು ಕಲೆ ಇಲ್ಲ. ಮರಿದೇವಮ್ಮನದು ಸುಟ್ಟ ಬೆಲ್ಲದ ಬಣ್ಣ. ಆನೆಯ ಬೆನ್ನಿಗೆ ಅಡ್ಡ ಒಂದು ಗೆರೆ, ಅಂಚಲ್ಲಿ ಮೂರು ಪೆಟ್ಟು.

ಅರಮನೆಯ ನಾಣ್ಯ ನೋಡೋನು ವೀರಾಚಾರಿ. ಎಪ್ಪತ್ತು ದಾಟಿದ ಮುದುಕ, ಕಣ್ಣಿಗೆ ಪೊರೆ. ಒಂದೊಂದೇ ಕಾಸು ತಗೊಂಡು ಬಿಸಿಲಿಗೆ ಓರೆ ಹಿಡಿದ, ಉಗುರಲ್ಲಿ ಸವರಿದ. "ಬುದ್ಧಿ, ಈ ತಾಯಿ ತಂದ ಕಾಸೇ ಮೇಲು" ಅಂದನಂತೆ.

ಚೆಲುವರಾಜ ಹೊಟ್ಟೆ ಹಿಡಕೊಂಡು ನಕ್ಕ. "ಭಾವ, ಈ ಕುರುಡನ್ನ ಇನ್ನೂ ಯಾಕೆ ಇಟ್ಕೊಂಡಿದ್ದೀರಿ? ಎಣಿಸಿ ನೋಡಿ. ಅವಳದರಲ್ಲಿ ನಾಲ್ಕು ಗಾಯ, ನನ್ನದರಲ್ಲಿ ಒಂದಾದರೂ ಇದೆಯಾ?"

ರಾಜನಿಗೂ ಹೌದಲ್ಲ ಅನ್ನಿಸಿತು. "ಆಚಾರಿ, ಎಲ್ಲರಿಗೂ ಕಾಣೋ ಹಾಗೆ ತೋರಿಸು. ಆಗದಿದ್ರೆ ಕೆಲಸ ಬಿಟ್ಟು ಊರೂ ಬಿಡು."

ಈ ವಯಸ್ಸಲ್ಲಿ ಮುದುಕ ಎಲ್ಲಿಗೆ ಹೋಗೋದು? ಆದರೂ ಮಾತು ಬದಲಾಯಿಸಲಿಲ್ಲ. "ಬುದ್ಧಿ, ಗಾಯ ಎಷ್ಟು ಅಂತ ಎಣಿಸೋದಲ್ಲ. ಎಲ್ಲಿದೆ, ಹೆಂಗೆ ಬಂತು ಅಂತ ನೋಡಬೇಕು. ಆನೆ ಬೆನ್ನಿನ ಗೆರೆ ಮೇಲೆ ತಾವೇ ಉಗುರು ಎಳೀರಿ."

ರಾಜ ಎಳೆದ. "ಉಬ್ಬಿದೆ!"

"ಕೆರೆದರೆ ತಗ್ಗು ಬೀಳುತ್ತೆ ಬುದ್ಧಿ, ಉಬ್ಬು ಬರುತ್ತಾ?"

ಮರಿದೇವಮ್ಮನಿಗೆ ಥಟ್ಟನೆ ಹೊಳೆಯಿತು. "ಬುದ್ಧೀ, ಗಡಿಗೆ ಮೇಲೆ ಹೂವು ಒತ್ತೋ ಅಚ್ಚು ಸೀಳಿದ್ರೆ ಮಣ್ಣು ಆ ಸೀಳಿಗೆ ಹೋಗಿ ಹಿಂಗೇ ಉಬ್ಬುಗೆರೆ ಏಳುತ್ತೆ. ಗಡಿಗೇದೇನೂ ತಪ್ಪಿರಲ್ಲ. ಇದೂ ಅಚ್ಚಿನ ಸೀಳೇ!"

"ಸರಿಯಾಗಿ ಹೇಳಿದೆ ನೋಡು ತಾಯಿ!" ಅಂದ ವೀರಾಚಾರಿ. "ಈ ಕಾಸು ಹುಟ್ಟಿದ್ದೇ ಈ ಗೆರೆ ಜೊತೆ. ಅಂಚಿನ ಮೂರು ಮಾತ್ರ ನಿಜವಾದ ಪೆಟ್ಟು, ಸುಳ್ಳು ಹೇಳಲ್ಲ. ಆದರೆ ಮುಖಕ್ಕೆ ತಾಗಿಲ್ಲ. ಈಗ ಆ ಹೊಳೆಯೋದನ್ನ ಬಿಸಿಲಿಗೆ ಓರೆ ಹಿಡೀರಿ."

ರಾಜ ಹಿಡಿದ. ಹೊಳಪಿನ ಒಳಗೆ ಕೂದಲೆಳೆಯಂಥ ಗೆರೆ ಸಾವಿರ, ಗುಡಿಸಿದ ಅಂಗಳದಲ್ಲಿ ಪೊರಕೆ ಗೀರು ಕಾಣೋ ಹಾಗೆ. ಆನೆಯ ಕಣ್ಣೇ ಅಳಿಸಿಹೋಗಿತ್ತು. ತಕ್ಕಡಿ ತರಿಸಿ ತೂಗಿದರೆ ಹೊಳೆಯೋ ಕಾಸು ಮೂರು ಗುಲಗಂಜಿ ಕಡಿಮೆ.

"ಏನಪ್ಪ ಚೆಲುವರಾಜ?"

"ಭಾವ, ಅದು... ಒಂದೆರಡು ಪೆಟ್ಟು ಇತ್ತು. ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಒಂಚೂರು ತಿಕ್ಕಿಸಿದೆ."

"ನಮ್ಮ ಮುತ್ತಜ್ಜನ ಆನೆ ಕಣ್ಣು ಕಿತ್ತೆಯಲ್ಲೋ!" ಅಂತ ರಾಜ ಗದರಿದ. ಚೆಲುವರಾಜ ತಲೆ ತಗ್ಗಿಸಿದ.

ಆಮೇಲೆ ರಾಜ ಮರಿದೇವಮ್ಮನ ಕಡೆ ತಿರುಗಿದ. "ನೀನು ಯಾಕೆ ತಿಕ್ಕಲಿಲ್ಲಮ್ಮ? ಅಷ್ಟೊಂದು ತಿಳುವಳಿಕೆಯಾ?"

"ತಿಕ್ಕೋಣ ಅಂತಾನೇ ಇದ್ದೆ ಬುದ್ಧಿ. ಮನೇಲಿ ಇದ್ದ ಹುಣಸೆಹಣ್ಣನ್ನೆಲ್ಲ ನಮ್ಮತ್ತೆ ಸಾರಿಗೆ ಹಾಕ್ಬಿಟ್ಟಿದ್ರು."

ಸಭೆಗೆ ಸಭೆಯೇ ನಕ್ಕಿತು. ರಾಜ ಕಣ್ಣೀರು ಬರೋ ಹಾಗೆ ನಕ್ಕು, "ಏನು ಬೇಕು ಕೇಳು" ಅಂದ.

"ಕೆರೆ ಪಕ್ಕದ ಹೊಲ ನಮ್ಮ ಕುಂಬಾರರಿಗೇ ಇರಲಿ. ಅಷ್ಟೇ ಸಾಕು."

ರಾಜ ಆ ಕಾಸನ್ನ ಖಾಲಿ ಗೂಡಲ್ಲಿಟ್ಟು, ಅಲ್ಲೇ ಹೊಲ ಬರೆಸಿಕೊಟ್ಟನಂತೆ. ವೀರಾಚಾರಿಗೆ ಒಂದು ಶಾಲು ಹೊದಿಸಿ, ತಪ್ಪಾಯಿತು ಅಂತ ಕೈ ಹಿಡಕೊಂಡನಂತೆ. ಮುದುಕ ಹೊರಗೆ ಬಂದವನು, "ತಾಯಿ, ನಿನ್ನ ಬೆರಳಿಗೆ ಕಣ್ಣಿದೆ. ನನ್ನ ವಿದ್ಯೆ ನನ್ನ ಜೊತೆ ಸಾಯೋದು ಬೇಡ, ಕಲಿತೀಯಾ?" ಅಂದ. ಕಲಿತಳಂತೆ. ಮುಂದೆ ಆ ಊರ ಅರಮನೆಯಲ್ಲಿ ನಾಣ್ಯ ನೋಡ್ತಿದ್ದವಳು ಮರಿದೇವಮ್ಮನೇ. ಬೆಳಿಗ್ಗೆ ಕಾಸು ನೋಡೋದು, ಸಂಜೆ ತಿಗರಿ ತಿರುಗಿಸೋದು.

ಅಲ್ಲಿ ಅವರ ಗಡಿಗೆ ತುಂಬಿತಂತೆ, ಇಲ್ಲಿ ನಮ್ಮ ಕತೆ ಬರಿದಾಯಿತು.