ಮೂರು ಮೂಲೆ ಹೊಸದಾಗಿದ್ದ ಹಲಗೆ

ನದಿಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಅಲ್ಲಿ ಪ್ರವಚನ ಕಡಿಮೆ, ಚಪ್ಪಲಿ ಜಾಸ್ತಿ.

ಕಾಯಿಲೆ ಬಿದ್ದು ಕಾಲಿನ ಸ್ಪರ್ಶ ಕಳೆದುಕೊಂಡವರು ದೂರದ ಊರುಗಳಿಂದ ಅಲ್ಲಿಗೆ ಬರುತ್ತಿದ್ದರು. ಮುಳ್ಳು ಚುಚ್ಚಿದರೂ ಗೊತ್ತಾಗದ ಕಾಲುಗಳು. ಅಂಥವರಿಗಾಗಿ ಗುರು ದುರ್ಗಪ್ಪ ಮೆತ್ತನೆಯ ಚಪ್ಪಲಿ ಮಾಡುತ್ತಿದ್ದರು. ಜನ ಅವರನ್ನು ಅಜ್ಜಾರು ಅನ್ನುತ್ತಿದ್ದರು. ನಾವೂ ಹಾಗೇ ಅನ್ನೋಣ.

ಕೆಲಸ ಹೀಗೆ. ಕೆಳಗೆ ಪ್ಲಾಸ್ಟಿಕ್ಕಿನ ದಪ್ಪ ಹಲಗೆ, ಅದರ ಮೇಲೆ ತೊಗಲು, ತೊಗಲಿನ ಮೇಲೆ ಚಪ್ಪಲಿಯ ಬಾರಿನ ಆಕಾರದ ಉಕ್ಕಿನ ಅಚ್ಚು. ಅಚ್ಚಿನ ಅಂಚು ಚಾಕುವಿನಷ್ಟು ಹರಿತ. ಮೇಲಿನಿಂದ ಯಂತ್ರ ಒತ್ತುತ್ತದೆ. ಅಚ್ಚು ತೊಗಲನ್ನು ಕತ್ತರಿಸಿ, ಹಲಗೆಗೊಂದು ಗೀರು ಹಾಕಿ ನಿಲ್ಲುತ್ತದೆ.

ಯಂತ್ರದ ಮುಂದೆ ನಿಲ್ಲುವವನು ಮಾನಪ್ಪ. ಅಜ್ಜಾರ ಶಿಷ್ಯನಾಗಿ ಮೂರು ವರ್ಷವಾಗಿತ್ತು. ಒಳ್ಳೆಯವನು, ಆದರೆ ಹಟದ ಮನುಷ್ಯ.

ಒಂದು ದಿನ ಅಜ್ಜಾರು ಹೇಳಿದರು, “ಹಳೀ ಹಲಗಿ ಸವದೈತಿ. ಪ್ಯಾಟಿಗೆ ಹೋಗಿ ಹೊಸಾದು ತಾ.”

“ಎಂಥಾದು ತರ್ಲಿರಿ?”

“ನಿನಗ ಚಲೋ ಅನಿಸಿದ್ದು.”

ಅಂಗಡಿಯವನು ಎರಡು ಹಲಗೆ ಇಟ್ಟು ಎರಡರ ಮೇಲೂ ಚಾಕು ಎಳೆದ. ಒಂದಕ್ಕೆ ಗೆರೆ ಬಿತ್ತು. ಇನ್ನೊಂದು ಜಪ್ಪಯ್ಯ ಅನ್ನಲಿಲ್ಲ. ಮಾನಪ್ಪ ಆ ಎರಡನೆಯದನ್ನೇ ಹೆಗಲ ಮೇಲೆ ಹೊತ್ತುಕೊಂಡು ಬಂದ.

“ಅಜ್ಜಾರ, ಇದಕ್ಕ ಗೀರ ಬೀಳಂಗಿಲ್ಲರಿ. ಹಂಗ ಗಟ್ಟಿ ಐತಿ.”

ಅಜ್ಜಾರು ಅದರ ಮೇಲೆ ಸಂಜೆಯವರೆಗೂ ಬಾರು ಕತ್ತರಿಸಿದರು. ಆಮೇಲೆ ಅಚ್ಚನ್ನು ತಿರುವಿ ಅವನ ಕೈಗೆ ಕೊಟ್ಟರು.

ಮಾನಪ್ಪ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಬೆಳಗ್ಗೆ ಹರಿತವಾಗಿದ್ದ ಅಂಚು ಮೊಂಡಾಗಿತ್ತು.

“ಹಲಗಿ ಗಾಯ ತಗೊಳ್ಳಲಿಲ್ಲ,” ಅಂದರು ಅಜ್ಜಾರು. “ಯಾರು ತಗೊಂಡ್ರು?”

ಮಾನಪ್ಪ ಮರುದಿನ ಪೇಟೆಗೆ ಹೋಗಿ ಗೀರು ಬೀಳುವ ಹಲಗೆಯನ್ನು ತಂದ. ಚಾಕು ತೆಗೆದ ಕೂಡಲೇ ಅದರ ಗೆರೆ ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತಿತ್ತು. ಹಾಲಿನ ಕೆನೆಯಂಥ ಬಣ್ಣ, ಹೆಬ್ಬೆರಳಿನಷ್ಟು ದಪ್ಪ.

“ಒಂದು ಸಲ ಒತ್ತಿದ ಜಾಗದಾಗ ಮರುಸಲ ಒತ್ತಬ್ಯಾಡ,” ಅಂದರು ಅಜ್ಜಾರು. “ಅಚ್ಚು ಸರಸಿಕೋತ ಹೋಗು. ದಿನಾ ಸಂಜಿಗೆ ಹಲಗಿ ಉಜ್ಜಿ, ತಿರಗಿಸಿ ಇಡು. ಸೋಮಾರಕ್ಕೊಮ್ಮೆ ಮಗಚಿ ಹಾಕು. ಬಿಸಲಿಗೆ ಇಡಬ್ಯಾಡ, ಡೊಂಕಾಗತೈತಿ.”

“ಆತ್ರಿ ಅಜ್ಜಾರ.”

ಆತ್ರಿ ಅಂದನೇ ಹೊರತು, ಮೊದಲ ಗೀರು ಬಿದ್ದಾಗಲೇ ಅವನು ಯಂತ್ರ ನಿಲ್ಲಿಸಿದ. ಇಷ್ಟು ಚೆಂದದ ಹಲಗೆಯ ಮೈ ತುಂಬ ಗಾಯ ಮಾಡುವುದೇ? ಅವನು ತನ್ನದೇ ಒಂದು ಉಪಾಯ ಮಾಡಿದ. ಎಡಗಡೆಯ ಒಂದು ಮೂಲೆಯಲ್ಲಿ ಮಾತ್ರ ಕತ್ತರಿಸುವುದು, ಉಳಿದ ಮೂರು ಮೂಲೆ ಹೊಸದಾಗಿಯೇ ಇರಲಿ. ಹಲಗೆಯನ್ನು ತಿರುಗಿಸಲೂ ಇಲ್ಲ, ಮಗುಚಲೂ ಇಲ್ಲ.

ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಆ ಮೂಲೆ ತಗ್ಗಾಗುತ್ತ ಬಂತು. ಅಚ್ಚು ಒತ್ತಿದರೂ ತೊಗಲು ಒಂದೆರಡು ಕಡೆ ಎಳೆಯಷ್ಟು ಕತ್ತರಿಸದೆ ಉಳಿಯುತ್ತಿತ್ತು.

ಮಾನಪ್ಪ ಯಂತ್ರದ ಒತ್ತಡ ಹೆಚ್ಚಿಸಿದ. ತಗ್ಗು ಇನ್ನಷ್ಟು ಇಳಿಯಿತು. ಹಲಗೆಯ ಕೆಳಗೆ ರಟ್ಟು ತುರುಕಿದ. ಅದೂ ನಾಲ್ಕು ದಿನದ ಮಾತಾಯಿತು. ಕೊನೆಗೆ ಕತ್ತರಿಸದೆ ಉಳಿದದ್ದನ್ನು ಕೈಯಿಂದಲೇ ಜಗ್ಗಿ ಹರಿಯತೊಡಗಿದ.

ಒಂದು ಬೆಳಿಗ್ಗೆ ಕಾಸಿಂಬಿ ಬಂದಳು. ಬುಟ್ಟಿ ಹೊತ್ತು ಊರೂರು ತಿರುಗಿ ಬಳೆ ತೊಡಿಸುವವಳು. ಸಕ್ಕರೆ ಕಾಯಿಲೆಯಿಂದ ಅವಳ ಎರಡೂ ಪಾದಗಳಲ್ಲಿ ಸ್ಪರ್ಶವಿರಲಿಲ್ಲ. ಹಿಂದಿನ ತಿಂಗಳಷ್ಟೇ ಆಶ್ರಮದಿಂದ ಹೊಸ ಚಪ್ಪಲಿ ಒಯ್ದಿದ್ದಳು.

“ಒಂದು ಕೂಸು ಹೇಳ್ತು ತಮ್ಮಾ,” ಅಂದಳು ಮಾನಪ್ಪನಿಗೆ. “ಬಳಿಯಮ್ಮಾ, ನೀ ನಡದಲ್ಲೆಲ್ಲಾ ಕೆಂಪಗಾಗೈತಿ ಅಂತ. ಆವಾಗ ನೋಡಿಕೊಂಡೆ.”

ಅವಳ ಕಿರುಬೆರಳಿನ ಬದಿಗೆ ಆಳವಾದ ಗಾಯವಾಗಿತ್ತು.

ಆಶ್ರಮದ ಡಾಕ್ಟರಮ್ಮ ಗಾಯ ತೊಳೆದು ಹೇಳಿದರು, “ಒಂದೂವರೆ ತಿಂಗಳು ಕಾಲು ನೆಲಕ್ಕ ಊರಬ್ಯಾಡ. ಎಲುಬಿಗೆ ಇಳೀತು ಅಂದ್ರ ಬೆರಳು ತಗೀಬೇಕಾಗತೈತಿ.”

ಅಜ್ಜಾರು ಅವಳ ಚಪ್ಪಲಿಯನ್ನು ಮಾನಪ್ಪನ ಮುಂದೆ ಇಟ್ಟರು. ಅವನು ಬಾರಿನ ಒಳಅಂಚಿನ ಮೇಲೆ ಬೆರಳಾಡಿಸಿದ. ಒಂದು ಕಡೆ ಅಕ್ಕಿಕಾಳಿನಷ್ಟು ತೊಗಲು ಎದ್ದು, ಒಣಗಿ, ಗಟ್ಟಿಯಾಗಿತ್ತು. ಅವನೇ ಜಗ್ಗಿ ಹರಿದ ಜಾಗ ಅದು. ಗುರುತು ಹತ್ತಿತು, ಒಪ್ಪಿಕೊಳ್ಳಲಿಲ್ಲ.

“ಅಚ್ಚು ಮೊಂಡ ಆಗಿರಬೇಕ್ರಿ,” ಅಂದ.

ಅಜ್ಜಾರು ಅಚ್ಚನ್ನು ಒಂದು ಕಾಗದದ ಮೇಲೆ ಎಳೆದರು. ಕಾಗದ ಸರ್ರನೆ ಸೀಳಿತು.

“ಹಲಗಿ ತಗೊಂಡು ಹೊಳಿಗೆ ಬಾ.”

ನದಿಯ ಪಕ್ಕದ ಸಮನಾದ ಬಂಡೆಯ ಮೇಲೆ ಹಲಗೆ ಇಡಿಸಿ ಅಜ್ಜಾರು ಅದರ ಮೇಲೆ ಒಂದು ಚೊಂಬು ನೀರು ಸುರಿದರು. ಮೇಲೆ ನಿಂತ ನೀರನ್ನು ಅಂಗೈಯಿಂದ ಒಮ್ಮೆ ಬಳಿದು ತೆಗೆದರು. ಮೂರು ಮೂಲೆಯ ನೀರು ಹೋಯಿತು. ನಾಲ್ಕನೆಯ ಮೂಲೆಯಲ್ಲಿ ಗುಬ್ಬಿ ಕುಡಿಯುವಷ್ಟು ನೀರು ನಿಂತಿತ್ತು.

ಮಾನಪ್ಪ ಅದನ್ನೇ ನೋಡುತ್ತ ಕೂತ.

“ನಾ ಹಲಗಿ ಉಳಸಾಕ ನೋಡಿದೆರಿ.”

“ಉಳಸೀಯಲ್ಲ,” ಅಂದರು ಅಜ್ಜಾರು. “ಮೂರು ಮೂಲಿ ಹೊಸಾವು ಅದಾವು.”

“ಬ್ಯಾರೆ ಹಲಗಿ ತರ್ತೀನ್ರಿ.”

“ಅದನ್ನೂ ಉಳಸಾಕೇನು?”

ಮಾನಪ್ಪ ನಿಂತ ನೀರಿನಲ್ಲಿ ಬೆರಳಿಟ್ಟ. “ಈ ತಗ್ಗು ತುಂಬೂದು ಹೆಂಗ್ರಿ?”

“ತುಂಬಾಕ ಬರಂಗಿಲ್ಲ. ಉಳಿದದ್ದನ್ನ ಇಳಸಬೇಕು.”

ಅಂದರೆ ಅವನು ಅಷ್ಟು ಜೋಪಾನ ಮಾಡಿದ ಮೂರು ಮೂಲೆಗಳನ್ನೇ ಹೆರೆಯಬೇಕು. ಮಾನಪ್ಪ ಎದ್ದು ನಿಂತ.

“ಇದು ಸಮ ಆಗೂತನಕ ನಾ ಅನ್ನ ಮುಟ್ಟಂಗಿಲ್ಲರಿ!”

“ಹಸದ ಕೈ ನಡಗತೈತಿ. ಡೊಂಕ ಹೆರದು ಇನ್ನೊಂದು ಬೆರಳಿಗೆ ತರಬ್ಯಾಡ. ಮದಲ ಉಂಡು ಬಾ.”

ಮಾನಪ್ಪ ಉಂಡು ಬಂದು ಉಜ್ಜುಗೊರಡು ಹಿಡಿದ. ಮರ ಹೆರೆದಂತೆ ಪ್ಲಾಸ್ಟಿಕ್ ಹೆರೆಯಲು ಬರುವುದಿಲ್ಲ. ಕೈ ಒತ್ತಿದರೆ ಗೊರಡು ಕಚ್ಚಿಕೊಳ್ಳುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ. ಮೊದಲ ದಿನವೇ ಅಂಗೈ ಗುಳ್ಳೆ ಎದ್ದಿತು. ಬಟ್ಟೆ ಸುತ್ತಿಕೊಂಡು ಹೆರೆದ. ಸಂಜೆ ಬಂಡೆಯ ಮೇಲಿಟ್ಟು ನೀರು ಸುರಿದ. ನೀರು ನಿಂತಿತು.

ಎರಡನೆಯ ದಿನವೂ ನಿಂತಿತು. ಮೂರನೆಯ ದಿನ ಮೂಲೆಯ ನೀರು ಹೋಗಿ ನಡುವೆ ನಿಂತಿತು, ಅಲ್ಲಿ ಜಾಸ್ತಿ ಹೆರೆದುಬಿಟ್ಟಿದ್ದ. ಸಿಟ್ಟು ಬಂದು ಗೊರಡನ್ನು ನೆಲಕ್ಕೆ ಕುಕ್ಕಿದ. ಆಮೇಲೆ ತಾನೇ ಎತ್ತಿಕೊಂಡು ಮತ್ತೆ ಶುರುಮಾಡಿದ.

ದಿನಾ ಬೆಳಿಗ್ಗೆ ಕಾಸಿಂಬಿಯ ಗಾಯದ ಪಟ್ಟಿ ಬದಲಿಸುವ ಕೆಲಸವನ್ನೂ ಅವನೇ ಕೇಳಿ ಪಡೆದಿದ್ದ. ಅವಳು ಪಡಸಾಲೆಯಲ್ಲಿ ಕಾಲು ಚಾಚಿಕೊಂಡು, ಆಶ್ರಮಕ್ಕೆ ಬಂದ ಹೆಂಗಸರಿಗೆಲ್ಲ ಬಳೆ ತೊಡಿಸುತ್ತ ಕೂತಿರುತ್ತಿದ್ದಳು.

ಒಂದು ದಿನ ಪಟ್ಟಿ ಬಿಚ್ಚುತ್ತ ಮಾನಪ್ಪ ಹೇಳಿಬಿಟ್ಟ, “ಅವ್ವಾ, ಆ ಬಾರು ನಾನೇ ಹರದಿದ್ದು. ನನ್ನ ಕೈಲೆ ಆದ ಗಾಯ ಇದು.”

ಕಾಸಿಂಬಿ ಅವನ ಅಂಗೈಯ ಗುಳ್ಳೆಗಳನ್ನು ನೋಡಿದಳು.

“ಇವು ನೋಯ್ತಾವೇನು?”

“ಹೂಂ.”

“ಚಲೋ ಆತು. ನನಗ ಗೊತ್ತಾಗಂಗಿಲ್ಲ ತಮ್ಮಾ. ನಿನಗರ ಗೊತ್ತಾಗ್ಲಿ.”

ಒಂಬತ್ತನೆಯ ದಿನ ಮಾನಪ್ಪ ನೀರು ಸುರಿದು ಬಳಿದ. ಎಲ್ಲೂ ನಿಲ್ಲಲಿಲ್ಲ. ಇನ್ನೊಂದು ಮಗ್ಗುಲಿಗೆ ಸುರಿದ. ಅಲ್ಲೂ ನಿಲ್ಲಲಿಲ್ಲ. ಅವನು ಯಾರನ್ನೂ ಕರೆಯದೆ ಬಂಡೆಯ ಮೇಲೆ ಕೂತು ಅತ್ತ.

ಕಾಸಿಂಬಿಯ ಬೆರಳು ಉಳಿಯಿತು. ಒಂದೂವರೆ ತಿಂಗಳು ಅಂದದ್ದು ಎರಡೂವರೆಯಾಯಿತು, ಆದರೂ ಉಳಿಯಿತು. ಅವಳ ಹೊಸ ಜೋಡನ್ನು ಮಾನಪ್ಪನೇ ಕತ್ತರಿಸಿದ. ಪ್ರತಿ ಬಾರಿನ ಅಂಚನ್ನೂ ತನ್ನ ಮೊಣಕೈಯ ಒಳಬದಿಯ ಮೆತ್ತನೆಯ ಚರ್ಮದ ಮೇಲೆ ಎಳೆದು ನೋಡಿ, ಆಮೇಲೆ ಹೊಲಿದ.

ಅಂದಿನಿಂದ ಅವನು ಅಚ್ಚನ್ನು ಸರಿಸದೆ ಎರಡನೆಯ ಸಲ ಒತ್ತಲಿಲ್ಲ. ದಿನವೂ ಉಜ್ಜಿದ, ತಿರುಗಿಸಿದ, ಸೋಮವಾರ ಮಗುಚಿದ. ಗೀರುಗಳಿಂದ ಮೈ ಒರಟಾದಾಗ ತೆಳ್ಳಗೆ ಹೆರೆದ, ನೀರು ಸುರಿದು ನೋಡಿದ. ಹಲಗೆಯಲ್ಲಿ ಹೊಸದೆನ್ನುವ ಜಾಗ ಬೆರಳಗಲವೂ ಉಳಿಯಲಿಲ್ಲ.

ಹೀಗೆ ಎರಡು ವರ್ಷ ಹೋಯಿತು. ಒಂದು ಬೆಳಿಗ್ಗೆ ಹಲಗೆಯನ್ನು ಎತ್ತಿದ ಮಾನಪ್ಪನಿಗೆ ಅದು ಹಗುರ ಅನ್ನಿಸಿತು. ಬದಿಯಿಂದ ನೋಡಿದ. ಹೆಬ್ಬೆರಳಿನಷ್ಟು ದಪ್ಪವಿದ್ದದ್ದು ಕಿರುಬೆರಳಿನಷ್ಟೂ ಇರಲಿಲ್ಲ. ಇನ್ನು ಹೆರೆದರೆ ಒತ್ತಡ ತಡೆಯುವುದಿಲ್ಲ.

ಅದನ್ನು ಅಪ್ಪಿಕೊಂಡು ಅಜ್ಜಾರ ಬಳಿಗೆ ಬಂದ. ಅವರು ನದಿಯ ಕಡೆ ಮುಖ ಮಾಡಿ ಕೂತಿದ್ದರು. ಹಬ್ಬ ಹತ್ತಿರ ಬಂದಿತ್ತು. ಆಗ ತಾನೇ ಆಶ್ರಮದ ಹೆಂಗಸರಿಗೆ ಬಳೆ ತೊಡಿಸಿ ಮುಗಿಸಿದ್ದ ಕಾಸಿಂಬಿ, ಮಾನಪ್ಪ ಮಾಡಿಕೊಟ್ಟ ಚಪ್ಪಲಿ ಮೆಟ್ಟಿ, ಬುಟ್ಟಿ ಹೊತ್ತು ದಂಡೆಯ ಏರಿಯ ದಾರಿ ಹಿಡಿದಿದ್ದಳು.

“ಅಜ್ಜಾರ, ಈ ಸಲ ನಾ ಏನೂ ತಪ್ಪು ಮಾಡಿಲ್ಲರಿ. ನೀವು ಹೇಳಿದಂಗ ನೋಡಿಕೊಂಡೆ. ಆದ್ರೂ ಅರ್ಧಕ್ಕರ್ಧ ಹೋಗೈತಿ. ಇಷ್ಟು ದಪ್ಪ ಇದ್ದ ಹಲಗಿ, ಎಲ್ಲಿ ಹೋತ್ರಿ?”

ಅಜ್ಜಾರು ಹಲಗೆಯನ್ನು ನೋಡಲಿಲ್ಲ. ದಂಡೆಯ ಕಡೆ ಕೈ ತೋರಿಸಿದರು.

“ಅಗೋ, ಏರಿ ಹತ್ತಿ ಹೊಂಟೈತಿ.”