ಪುಟ್ಮಾದನ ಮೊಬೈಲ್ ಹಾಡು

ಕೇಳ್ರಪ್ಪಾ, ಸಾಕಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಪುಟ್ಮಾದ. ಒಳ್ಳೆ ಮನಸ್ಸು, ದುಡಿಯೋ ಕೈ. ಬುದ್ಧಿ ಮಾತ್ರ ಬಂದ ದಾರೀಲೇ ವಾಪಸ್ ಹೋಗಿತ್ತು. ಏಳು ಹೆಣ್ಣು ನೋಡಿದರು, ಏಳೂ ಬೇಡ ಅಂದವು.

ಎಂಟನೆಯವಳು ಬಟ್ಟೆ ಹೊಲಿಯೋ ಜಯಶೀಲ. "ಹಾಡೋ ಗಂಡಾದರೆ ನೋಡ್ತೀನಿ" ಅಂದಳು.

ಸಾಕಮ್ಮ ಓಡಿದಳು, ಆರ್ಕೆಸ್ಟ್ರಾ ಕೆಂಚಣ್ಣನ ಹತ್ತಿರ. ಅವನು ಅಲ್ಲೇ ಹಾಡು ಕಟ್ಟಿಕೊಟ್ಟ:

ನೀನೇ ಟವರು, ನಾನೇ ಸೆಟ್ಟು,
ದೂರ ಹೋದರೆ ಉಸಿರೇ ಕಟ್ಟು!
ನಕ್ಕರೆ ನೀನು ಬ್ಯಾಟ್ರಿ ಫುಲ್ಲು,
ಮುನಿದರೆ ನನ್ನ ಎದೆಯೇ ಕಲ್ಲು!

"ಮೆಲ್ಲಗೆ ಗೊಣಗಬೇಡ ಕಣೋ, ಎತ್ತರದಲ್ಲಿ ಹಾಡು" ಅಂದ ಕೆಂಚಣ್ಣ.

ಪುಟ್ಮಾದ ಹೋದ. ನೀರಿನ ಟ್ಯಾಂಕ್ ಹತ್ತಿದ. ತುದೀಲಿ ನಿಂತು ಹಾಡಿದ, ಹಾಡಿದ, ಗಂಟಲು ಬಿದ್ದುಹೋಯಿತು. ಕೇಳಿದ್ದು ಕಾಗೆಗಳು ಮಾತ್ರ.

"ಅಯ್ಯೋ ಪೆದ್ದ ಮುಂಡೇದೆ! ಹತ್ತಿರ ಹೋಗಿ ಕಿವಿಗೆ ಬೀಳೋ ಹಾಗೆ ಹಾಡಬೇಕು!" ಅಂದಳು ಸಾಕಮ್ಮ.

"ಆಗಲಿ ಬಿಡವ್ವ!"

ಮಾರನೇ ದಿನ ಹೋದ. ಜಗಲಿ ಮೇಲೆ ಜಯಶೀಲಳ ತಾತ ಗೊರಕೆ ಹೊಡೀತಿದ್ದ. ಹತ್ತಿರ ಸಿಕ್ಕಿದ ಕಿವಿ ಅದೇ! ಬಾಯಿ ಇಟ್ಟು, "ನೀನೇ ಟವರೂ!" ಅಂದ. ತಾತ ಎಗರಿ ಬಿದ್ದ, ಕಟ್ಟಿಸಿದ ಹಲ್ಲು ಅಂಗಳಕ್ಕೆ ಹಾರಿತು.

"ಅಯ್ಯೋ ನನ್ನ ಕರ್ಮವೇ! ಮೊದಲು ಹುಡುಗಿಗೆ ಒಂದು ಮಿಸ್ಡ್ ಕಾಲ್ ಕೊಡೋ! ಅವಳೇ ತಿರುಗಿ ಮಾತಾಡ್ತಾಳೆ!"

"ಆಗಲಿ ಬಿಡವ್ವ!"

ಮಾರನೇ ದಿನ ಹೋದ. ಬಾಗಿಲಲ್ಲಿ ನಿಂತು "ಜಯಶೀಲಾ!" ಅಂತ ಒಂದೇ ಸಲ ಕೂಗಿ, ಓಡಿಹೋಗಿ ಹುಲ್ಲಿನ ಮೆದೆ ಹಿಂದೆ ಅವಿತ. ಅವಳು ಬಂದು ನೋಡಿದಳು, ಯಾರೂ ಇಲ್ಲ. ಮತ್ತೆ ಕೂಗಿದ, ಮತ್ತೆ ಓಡಿದ. ಹೀಗೆ ಒಂಬತ್ತು ಸಲ! ಎದ್ದು ಕೂತು, ಎದ್ದು ಕೂತು, ಅವಳು ರವಿಕೆಯ ಕುತ್ತಿಗೆಗೆ ತೋಳು ಹೊಲಿದುಬಿಟ್ಟಳು.

"ಥೂ, ಓಡಬಾರದು ಕಣೋ! ಎದುರಿಗೆ ನಿಂತು ಹಾಡು. ಏನಾದರೂ ಆಗಲಿ, ನಡುವೆ ಕಟ್ ಮಾಡಬೇಡ!"

"ಆಗಲಿ ಬಿಡವ್ವ!"

ಮಾರನೇ ದಿನ ಎದುರಿಗೇ ನಿಂತ. ಹಾಡಿದ. ಜಯಶೀಲ ಕಿಸಕ್ಕನೆ ನಕ್ಕಳು. "ಚೆನ್ನಾಗಿದೆ, ಸಾಕು" ಅಂದಳು. ಪುಟ್ಮಾದ ನಿಲ್ಲಿಸಲಿಲ್ಲ. ಅವಳು ಊಟ ಮಾಡಿದಳು, ಹಾಡಿದ. ಬಟ್ಟೆಗೆ ಇಸ್ತ್ರಿ ಹಾಕಿದಳು, ಹಾಡಿದ. ನಲವತ್ತನೇ ಸಲಕ್ಕೆ ಅವಳೂ ಜೊತೆಗೆ ಗುನುಗಿದಳು. "ನಿಮ್ಮವ್ವನ್ನ ಕರ್ಕೊಂಡು ಬಾ, ಒಪ್ಪಿಗೆ ಮಾತಾಡೋಣ" ಅಂದಳು.

ಸಾಕಮ್ಮನಿಗೆ ಕಣ್ಣಲ್ಲಿ ನೀರೇ ಬಂತು. ಆದರೂ ಹೆದರಿಕೆ. "ಮಗನೇ, ಕೈ ಮುಗೀತೀನಿ. ಹಿರಿಯರ ಮುಂದೆ ಬಾಯಿ ಬಿಡಬೇಡ. ಸೈಲೆಂಟಾಗಿರು!"

"ಆಗಲಿ ಬಿಡವ್ವ!"

ಎಲ್ಲರೂ ಕೂತರು. ಕಾಫಿ ಬಂತು. ತಾತ ಹಲ್ಲು ಒತ್ತಿಕೊಂಡು ಕೇಳಿದ, "ಏನಪ್ಪಾ, ಹುಡುಗಿ ಒಪ್ಪಿಗೇನಾ?"

ಪುಟ್ಮಾದ ತುಟಿ ಬಿಗಿದ. ಗಡಗಡ ಅಂತ ಅದುರೋಕೆ ಶುರುಮಾಡಿದ! ತಲೆ ಅದುರಿತು, ಕಾಲು ಅದುರಿತು, ಬೆಂಚು ಅದುರಿತು, ಕಾಫಿ ಲೋಟಗಳು ಠಣಠಣ ಅಂದವು.

"ಅಯ್ಯಯ್ಯೋ, ಹುಡುಗನಿಗೆ ಮೂರ್ಛೆ ರೋಗ! ಬೇಡ ಈ ಸಂಬಂಧ!" ತಾತ ಎದ್ದೇಬಿಟ್ಟ. ಸಾಕಮ್ಮ ಎದೆ ಬಡ್ಕೊಂಡಳು.

ಜಯಶೀಲ ಬಿದ್ದು ಬಿದ್ದು ನಕ್ಕಳು. "ರೋಗ ಅಲ್ಲ ತಾತ, ಸೈಲೆಂಟಲ್ಲಿದ್ದಾನೆ! ಇರು, ನಾನೇ ಎತ್ಕೋತೀನಿ" ಅಂತ ಬಂದು ಅವನ ಕೈ ಹಿಡಿದಳು.

ಅದುರೋದು ನಿಂತಿತು. ಪುಟ್ಮಾದ ಅವಳನ್ನೇ ನೋಡಿದ. ಆ ಕೈಯನ್ನ ಮೆಲ್ಲಗೆ ಕಿವಿಗಿಟ್ಟುಕೊಂಡ.

"ಹಲೋ... ಯಾರು ಮಾತಾಡೋದು?"