ಬೂದವ್ವನ ಬೆನ್ನು

ಒಂದು ಕಾಡು. ಎಂಥ ಕಾಡು ಅಂದರೆ, ಅಲ್ಲಿನ ಮರದ ತುದಿ ನೋಡಲು ತಲೆ ಎತ್ತಿದರೆ ರುಮಾಲು ಕಳಚಿ ಬೀಳುತ್ತಿತ್ತು. ಬಿದ್ದ ರುಮಾಲನ್ನು ಎತ್ತಿ ಸುತ್ತಿಕೊಳ್ಳುವಷ್ಟರಲ್ಲಿ ಮರ ಇನ್ನೊಂದು ಮೊಳ ಬೆಳೆದಿರುತ್ತಿತ್ತು. ಅದನ್ನು ಕಂಡವರು ಯಾರೂ ಈಗ ಉಳಿದಿಲ್ಲ. ಆ ಮರವೂ ಇಲ್ಲ. ಆದ್ದರಿಂದ ಸಾಕ್ಷಿ ಕೇಳಬೇಡಿ, ಕಥೆ ಕೇಳಿ.

ಆ ಕಾಡಿನಲ್ಲಿ ಮಟಮಟ ಮಧ್ಯಾಹ್ನ ಯಾರೂ ಮೇಯುತ್ತಿರಲಿಲ್ಲ, ಯಾರೂ ಬೇಟೆಯಾಡುತ್ತಿರಲಿಲ್ಲ. ಹಳ್ಳದ ಪಕ್ಕದ ಹಾಸುಬಂಡೆಯ ಮೇಲೆ ಪ್ರಾಣಿಗಳೆಲ್ಲ ಬಳೆಯ ಹಾಗೆ ದುಂಡಗೆ ಕೂರುತ್ತಿದ್ದವು. ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು. ಮುಂದಿನವರ ಬೆನ್ನಿಗೆ ಚುಚ್ಚಿದ ಮುಳ್ಳನ್ನೂ ಕಚ್ಚಿಕೊಂಡು ರಕ್ತ ಹೀರುವ ಉಣುಗನ್ನೂ ಹಿಂದಿನವರು ಕೀಳಬೇಕು. ಕೀಳುತ್ತಾ ಕಷ್ಟಸುಖ ಕೇಳಬೇಕು. ಮುಖ ಕಾಣುವುದಿಲ್ಲವಲ್ಲ, ಅಳುವವರು ನಾಚಿಕೆಯಿಲ್ಲದೆ ಅಳುತ್ತಿದ್ದರು. ದುಂಡಗೆ ಕೂತದ್ದರಿಂದ ಎಲ್ಲರ ಬೆನ್ನನ್ನೂ ನೋಡಲು ಹಿಂದೆ ಒಬ್ಬರು ಇದ್ದೇ ಇರುತ್ತಿದ್ದರು. ಇದಕ್ಕೆ ಬೆನ್ನುಕೂಟ ಅಂತ ಹೆಸರು.

ಅಲ್ಲಿ ಬೂದವ್ವ ಅನ್ನುವ ಕರಿಮೂತಿಯ ಮುಸುವ ಕೋತಿ ಇದ್ದಳು. ಅವಳ ಕೈಗೆ ಸಾಟಿಯೇ ಇಲ್ಲ. ಅವಳು ಉಣುಗು ಕಿತ್ತರೆ ಕಿತ್ತದ್ದು ಆ ಉಣುಗಿಗೇ ತಿಳಿಯುತ್ತಿರಲಿಲ್ಲ. ಇನ್ನೂ ಬೆನ್ನ ಮೇಲೇ ಇದ್ದೇನೆ ಅಂದುಕೊಂಡು ಅದು ಬರೀ ಗಾಳಿ ಹೀರುತ್ತಾ ಕೂರುತ್ತಿತ್ತು. ಹಾಗಾಗಿ ಎಲ್ಲರಿಗೂ ಬೂದವ್ವನೇ ಬೇಕು. “ಬೂದವ್ವ, ಇಲ್ಲಿ ನೋಡವ್ವ.” “ಬೂದವ್ವ, ಇಲ್ಲಿ ತುರಿಸ್ತಾ ಇದೆ ಕಣವ್ವ.” ಬರಬರುತ್ತಾ ಅವಳು ಕೂರುವುದನ್ನೇ ಬಿಟ್ಟಳು. ದುಂಡಿನ ಹೊರಗೆ ನಿಂತು, ಕರೆದವರ ಹಿಂದೆಲ್ಲ ಓಡಾಡತೊಡಗಿದಳು.

“ನೀನೂ ಒಂದು ಗಳಿಗೆ ಕೂತ್ಕೊಳ್ಳವ್ವ. ನಿನ್ನ ಬೆನ್ನು ನೋಡ್ತೀನಿ” ಅಂತ ಕರಡಿ ಕರೆಯಿತು.

“ನನ್ನ ಬೆನ್ನಿಗೇನು ಬಡಿದಿದೆ? ನಿನ್ನದು ನೋಡ್ಕೊ. ಮೈತುಂಬ ಉಣುಗಿನ ಸಂತೆ ಕಟ್ಕೊಂಡು ಬಂದಿದ್ದೀಯ” ಅಂತ ಬೂದವ್ವ ರೇಗಿದಳು.

ಕೇಳಿದರೆ ರೇಗುತ್ತಿದ್ದಳು. ಕೇಳುವುದನ್ನು ಬಿಟ್ಟ ಮೇಲೆ ಇನ್ನೂ ರೇಗಿದಳು. ‘ಇಷ್ಟು ಜನರಲ್ಲಿ ಒಬ್ಬರಿಗಾದರೂ ನನ್ನ ನೆನಪಿದೆಯಾ ನೋಡು’ ಅಂತ ಒಳಗೊಳಗೇ ಕುದಿಯುತ್ತಿದ್ದಳು. ಇವಳಿಗೆ ಏನು ಹೇಳೋಣ!

ಹೀಗಿರುವಾಗ ಪಕ್ಕದ ಕಾಡಿನಿಂದ ಒಂದು ನರಿ ಬಂತು. ಬಂಡೆಯ ಮೇಲೆ ನಿಂತು ಗಂಟಲು ಸರಿಮಾಡಿಕೊಂಡಿತು.

“ನಾನು ದೊಡ್ಡ ವೈದ್ಯ. ಹೊಳೆಯಾಚೆ ಆನೆಗೆ ಮದ್ದು ಕೊಟ್ಟವನು ನಾನೇ.”

“ಆ ಆನೆ ಈಗ ಎಲ್ಲಿದೆ?” ಅಂತ ಮೊಲ ಕೇಳಿತು.

“ತೀರಿಕೊಂಡಿತು ಪಾಪ.”

“ಇನ್ಯಾರಿಗೆ ಮದ್ದು ಕೊಟ್ಟಿದ್ದೀಯ?”

“ಹುಲಿಗೆ. ಅದೂ ತೀರಿಕೊಂಡಿತು. ದೊಡ್ಡದೊಡ್ಡವರೆಲ್ಲ ನನ್ನ ಕೈಯಲ್ಲೇ ಹೋದದ್ದು.”

ಇಷ್ಟು ಕೇಳಿದ ಮೇಲಾದರೂ ಪ್ರಾಣಿಗಳಿಗೆ ಬುದ್ಧಿ ಬರಬೇಡವೇ? ಬರಲಿಲ್ಲ. ನರಿ ಕಾಡುಹಂದಿಯನ್ನು ಪಕ್ಕಕ್ಕೆ ಕರೆಯಿತು. “ಮರಿ ಕಳ್ಕೊಂಡು ನೀನು ಅತ್ತೆಯಲ್ಲ, ಕರಡಿ ಅದನ್ನು ಆಡಿಕೊಂಡು ನಗ್ತಾ ಇತ್ತು” ಅಂತ ಕಿವಿಯೂದಿತು. ಆಮೇಲೆ ಕರಡಿಯನ್ನು ಕರೆಯಿತು. “ನಿನಗೆ ಕಣ್ಣು ಮಂಜಾಗಿದೆ ಅಂತ ಹಂದಿ ಕಾಡೆಲ್ಲ ಡಂಗುರ ಹೊಡೀತಿದೆ” ಅಂದಿತು. ಕೊನೆಗೆ ಎಲ್ಲರಿಗೂ ಒಂದೇ ಮಾತು: “ಕಷ್ಟ ಅನ್ನೋದು ನಾಲ್ಕು ಜನರ ಮುಂದೆ ಹೇಳೋದಲ್ಲ. ಒಬ್ಬೊಬ್ಬರೇ ನನ್ನ ಗುಹೆಗೆ ಬನ್ನಿ. ಬರುವಾಗ ತಿನ್ನೋದಕ್ಕೆ ಏನಾದರೂ ತನ್ನಿ.”

ಬೆನ್ನುಕೂಟ ಮುರಿಯಿತು. ಹಾಸುಬಂಡೆ ಬಿಸಿಲಿನಲ್ಲಿ ಬರಿದಾಗಿ ಬಿದ್ದಿತ್ತು. ಗುಹೆಯ ಮುಂದೆ ಮಾತ್ರ ಒಬ್ಬರಿಗೊಬ್ಬರು ಮುಖ ಕೊಡದ ಸಾಲು. ನರಿ ಎರಡು ಉಣುಗು ಕೀಳುತ್ತಿತ್ತು, ಹತ್ತು ಬಿಡುತ್ತಿತ್ತು. ಕಿತ್ತದ್ದನ್ನು ಅಲ್ಲೇ ಮೂಲೆಗೆ ಎಸೆಯುತ್ತಿತ್ತು. “ನಾಳೆ ಬಾ” ಅನ್ನುತ್ತಿತ್ತು. ಹಂದಿ ಗೆಡ್ಡೆ ತಂದಿತು, ಕರಡಿ ಜೇನು ತಂದಿತು. ನರಿಯ ಹೊಟ್ಟೆ ನೆಲ ಮುಟ್ಟಿತು. ತುರಿಕೆ ಯಾರಿಗೂ ಇಳಿಯಲಿಲ್ಲ.

“ಹೋಗಲಿ ಪೀಡೆ, ನನಗೂ ಬಿಡುವಾಯ್ತು” ಅಂದಳು ಬೂದವ್ವ. ಆ ಬಿಡುವು ನಾಲ್ಕು ದಿನವೂ ಉಳಿಯಲಿಲ್ಲ. ಮರದಿಂದ ಮರಕ್ಕೆ ಹಾರುವಾಗ ಜಾಲಿಯ ಮುಳ್ಳೊಂದು ಅವಳ ಬೆನ್ನಿಗೆ ಹೊಕ್ಕಿತು. ಮೇಲಿಂದ ಕೈ ಹಾಕಿದರೂ ಸಿಗದು, ಕೆಳಗಿಂದ ಹಾಕಿದರೂ ಸಿಗದು, ಅಂಥ ಜಾಗ. ಗಾಯ ಕೀವಾಯಿತು. ತೋಳು ಮೇಲೇಳದಾಯಿತು. ಮರ ಹತ್ತಲಾಗದ ಮುಸುವಕ್ಕೆ ನೆಲದ ಮೇಲೆ ಉಳಿಗಾಲವಿಲ್ಲ. ಚಿರತೆ ಆಗಲೇ ಎರಡು ಸಲ ಮೂಸಿ ಹೋಗಿತ್ತು.

ಬೂದವ್ವ ಗುಹೆಗೆ ಹೋದಳು. ಇವಳಿಗೆ ವಾಸಿಯಾದರೆ ತನ್ನ ಅಂಗಡಿ ಮುಚ್ಚಿತು ಅಂತ ನರಿಗೆ ಹೊಳೆಯಿತು.

“ಅಯ್ಯೋ ಬೂದವ್ವ! ಕಾಡಿಗೆಲ್ಲ ಗುಣ ಮಾಡಿದವಳು ನೀನು. ನಿನಗೇ ನೋವು ಅಂತ ತಿಳಿದರೆ ಯಾರಾದರೂ ಮರ್ಯಾದೆ ಕೊಡ್ತಾರಾ? ಬಾಯಿ ಮುಚ್ಕೊಂಡು ಬಂಡೆ ಸಂದಿಯಲ್ಲಿ ಮಲಗು. ತಾನಾಗೇ ಹೋಗುತ್ತೆ.”

ಬೂದವ್ವ ನಂಬಿದಳು. ಯಾಕೆಂದರೆ ಅವಳ ಮನಸ್ಸೂ ಅದನ್ನೇ ಹೇಳುತ್ತಿತ್ತು.

ಸಂದಿಯಲ್ಲಿ ಮಲಗಿ ಮೈ ಸುಡುತ್ತಿರುವಾಗ ಹಂದಿ ಹುಡುಕಿಕೊಂಡು ಬಂತು.

“ಬೂದವ್ವ, ನರಿ ಕೈಗುಣ ಯಾಕೋ ಸಾಲದು. ನನ್ನ ಬೆನ್ನು ಸ್ವಲ್ಪ...”

ಬೂದವ್ವನ ತಾಳ್ಮೆ ಹರಿಯಿತು. “ಬೆನ್ನು ಬೆನ್ನು ಬೆನ್ನು! ನಿಮಗೊಬ್ಬರಿಗೇ ಬೆನ್ನಿರೋದಾ? ನನಗೆ ಬೆನ್ನಿಲ್ಲವಾ? ಇಷ್ಟು ವರ್ಷದಲ್ಲಿ ಒಬ್ಬರಾದರೂ ಇತ್ತ ತಿರುಗಿ ನೋಡಿದ್ದೀರಾ?”

ಹಂದಿ ಪಿಳಿಪಿಳಿ ಕಣ್ಣು ಬಿಟ್ಟಿತು. “ನೋಡ್ತೀವಿ ಅಂದಾಗೆಲ್ಲ ನೀನೇ ಬೈದು ಕಳಿಸಿದೆಯಲ್ಲವ್ವ.”

ಬೂದವ್ವ ಮೆಲ್ಲಗೆ ಹೊರಳಿ ಹಂದಿಯ ಕಡೆಗೆ ಬೆನ್ನು ತಿರುಗಿಸಿದಳು. ಆಮೇಲೆ, ಹುಟ್ಟಿದಾಗಿನಿಂದ ಆಡದ ಮಾತನ್ನು ಆಡಿದಳು.

“ನೋವಾಗ್ತಾ ಇದೆ ಕಣೋ. ನೋಡು.”

ಹಂದಿ ನೋಡಿತು. ಅದರ ಮೂತಿ ದಪ್ಪ, ಮುಳ್ಳು ಸಣ್ಣದು. ಓಡಿಹೋಗಿ ಮೊಲವನ್ನು ಕರೆತಂದಿತು. ಗಾಯದ ಹಕ್ಕಳೆ ಗಟ್ಟಿಯಾಗಿತ್ತು, ಮೆತ್ತಗೆ ಮಾಡಲು ಕರಡಿಯ ನಾಲಿಗೆಯೇ ಬೇಕು. ಮಾತು ಬಿಟ್ಟಿದ್ದರೂ ಹಂದಿ ಕರಡಿಯ ಬಾಗಿಲಿಗೆ ಹೋಯಿತು. ಕರಡಿ ತುಟಿ ಎರಡು ಮಾಡದೆ ಎದ್ದು ಬಂತು.

ಹಂದಿ ಪಕ್ಕೆ ಕೊಟ್ಟು ಬೂದವ್ವನನ್ನು ಒರಗಿಸಿಕೊಂಡಿತು. ಕರಡಿ ಗಾಯ ನೆಕ್ಕಿತು. ಮೊಲ ಮುಂದಿನ ಹಲ್ಲಿನಲ್ಲಿ ಮುಳ್ಳು ಹಿಡಿಯಿತು.

“ಬೂದವ್ವ, ಭದ್ರವಾಗಿ ಹಿಡೀಲಿ ಅಂತ ಆ ಹಂದಿಗೆ ಹೇಳು” ಅಂದಿತು ಕರಡಿ.

“ಬೂದವ್ವ, ನನಗೆ ಗೊತ್ತಿದೆ ಅಂತ ಅದಕ್ಕೆ ಹೇಳು” ಅಂದಿತು ಹಂದಿ.

“ನಾನು ಸಾಯ್ತಾ ಇದ್ದೀನಿ, ನನ್ನ ಬೆನ್ನ ಮೇಲೆ ನಿಮ್ಮ ರಾಯಭಾರವಾ? ಬಾಯಿಲ್ಲವಾ ನಿಮಗೆ? ನೇರ ಮಾತಾಡಿ!” ಅಂತ ಬೂದವ್ವ ಕಿರುಚಿದಳು.

“ನನ್ನ ಮರಿ ಸತ್ತದ್ದಕ್ಕೆ ನಕ್ಕೆಯಂತೆ” ಅಂದಿತು ಹಂದಿ.

“ನಾನಾ? ಅವತ್ತು ನಿನ್ನ ಬೆನ್ನ ಹಿಂದೆ ಕೂತು ನಾನೂ ಅತ್ತಿದ್ದೆ. ಯಾರು ಹೇಳಿದ್ದು?”

“ನರಿ.”

“ನನಗೂ ಚಾಡಿ ಹೇಳಿದ್ದು ನರಿಯೇ!”

ಅಷ್ಟರಲ್ಲಿ ಮುಳ್ಳು ಹೊರಬಂತು. ಅದು ಮಾರುದ್ದ ಇತ್ತು. ಹೋಗಲಿ, ಗೇಣುದ್ದ ಅಂತಲೇ ಇಟ್ಟುಕೊಳ್ಳಿ.

ಮಾರನೆಯ ಮಧ್ಯಾಹ್ನ ಹಾಸುಬಂಡೆ ತುಂಬಿತು. ಬೂದವ್ವ ದುಂಡಿನೊಳಗೇ ಕೂತಳು. ಮುಂದೆ ಹಂದಿ, ಹಿಂದೆ ಕರಡಿ. ಆಗ ನರಿ ನೆಲಕ್ಕೆ ಬೆನ್ನು ಉಜ್ಜಿಕೊಳ್ಳುತ್ತಾ, ಊಳಿಡುತ್ತಾ ಬಂತು. ಅದು ಮೂಲೆಗೆ ಎಸೆದ ಉಣುಗುಗಳೆಲ್ಲ ಮರಿ ಮಾಡಿ, ಹಸಿದು, ಮಲಗಿದ್ದ ನರಿಯ ಬೆನ್ನನ್ನೇ ಹತ್ತಿಕೊಂಡಿದ್ದವು.

“ಬೂದವ್ವ, ಕಿತ್ತು ಹಾಕವ್ವ! ನಿನ್ನ ಕಾಲಿಗೆ ಬೀಳ್ತೀನಿ!”

ಬೂದವ್ವನ ಕೈ ತುರಿಸಿತು. ಆದರೆ ಏಳಲಿಲ್ಲ. “ನಾನು ಎದ್ದರೆ ಇಬ್ಬರ ಕೆಲಸ ಕೆಡುತ್ತೆ. ನಿನಗೆ ಬೇಕಾದರೆ ಬಂದು ಕೂತ್ಕೊ. ಬೆನ್ನು ಕೊಟ್ಟವರು ಮುಂದಿನವರ ಬೆನ್ನನ್ನೂ ನೋಡಬೇಕು. ಮುಳ್ಳುಹಂದಿಯ ಹಿಂದೆ ಜಾಗ ಖಾಲಿ ಇದೆ.”

ನರಿ ಮುಳ್ಳುಹಂದಿಯನ್ನು ನೋಡಿತು. ಬೆನ್ನು ಉರಿಯುತ್ತಿತ್ತು. ಬೇರೆ ದಾರಿಯಿರಲಿಲ್ಲ, ಕೂತಿತು. ಒಂದು ಉಣುಗಿಗೆ ಒಂದು ಮುಳ್ಳಿನಂತೆ ಅದರ ಮೂಗು ತುಂಬುತ್ತಾ ಬಂತು.

“ಇನ್ನೂ ಸ್ವಲ್ಪ ಎಡಕ್ಕೆ” ಅಂತ ಬೂದವ್ವ ಕರಡಿಗೆ ಹೇಳಿ ಕಣ್ಣು ಮುಚ್ಚಿಕೊಂಡಳು.

ಅತ್ತ ನರಿಯ ಬಡಾಯಿ ಮಾತ್ರ ನಿಂತಿರಲಿಲ್ಲ. “ಮುಳ್ಳುಹಂದಿಗೆ ವೈದ್ಯ ಮಾಡೋದು ನನ್ನೊಬ್ಬನಿಗೇ ಗೊತ್ತು. ನೋಡಿ, ಒಂದು ಮುಳ್ಳಾದರೂ ತಾಗಿದೆಯಾ?”

“ಹಾಗಾದರೆ ಮೂಗಿನಲ್ಲಿ ನೇತಾಡ್ತಾ ಇರೋದು ಮೀಸೆಯಾ?” ಅಂತ ಮೊಲ ಕೇಳಿತು.

ನರಿ ಹೆಗಲು ಕೊಡವಿ, ಮುಂದಿನ ಉಣುಗಿಗೆ ಬಾಯಿ ಹಾಕಿತು.

ನೀತಿ: ಇನ್ನೊಬ್ಬರ ನೋವಿಗೆ ಕೈ ಚಾಚುವವರು ತಮ್ಮ ನೋವನ್ನೂ ಬಾಯಿ ಬಿಟ್ಟು ಹೇಳಬೇಕು. ಒಬ್ಬರಿಗೊಬ್ಬರು ಆಗುವವರನ್ನು ಒಬ್ಬೊಬ್ಬರನ್ನಾಗಿ ಬೇರೆ ಮಾಡುವವನನ್ನು ನಂಬಬಾರದು.